ಕ್ಲೈಮ್ಯಾಕ್ಸ್ ಮೊದಲೇ ಹೇಳಿಬಿಡುವವರಿಗೆ ಏನು ಹೇಳಬೇಕು?

ಮಧ್ಯದಸೀಟು (ಚರ್ಚೆ ಶುರು ಮಾಡಿದವರು)

ಶುಕ್ರವಾರ ಬಂದ ಸಿನಿಮಾ. ಸಸ್ಪೆನ್ಸ್ ಥ್ರಿಲ್ಲರ್. ಭಾನುವಾರ ಹೋಗೋಣ ಅಂದುಕೊಂಡರೆ ಮಗನಿಗೆ ಜ್ವರ. ಸರಿ, ಮಂಗಳವಾರ ಸಂಜೆಯ ಆಟಕ್ಕೆ ಟಿಕೆಟ್ ತೆಗೆದಿಟ್ಟೆ. ಸೋಮವಾರ ಮಧ್ಯಾಹ್ನ ಆಫೀಸಿನಲ್ಲಿ ಊಟಕ್ಕೆ ಕೂತಿದ್ದೇವೆ. ಎದುರಿಗಿದ್ದ ಸಹೋದ್ಯೋಗಿ ಚಪಾತಿ ಮುರಿಯುತ್ತಾ, ತಲೆ ಕೂಡ ಎತ್ತದೆ, "ಅವಳೇ ಮಾಡಿರೋದು ಅಂತ ನನಗೆ ಇಂಟರ್‌ವಲ್‌ಗೇ ಗೊತ್ತಾಗಿತ್ತು ಬಿಡಿ" ಎಂದರು. ಜೊತೆಗೆ ಪಾತ್ರದ ಹೆಸರನ್ನೂ ಹೇಳಿದರು. ಯಾರು ಅಂತ ನಾನಿಲ್ಲಿ ಬರೆಯಲ್ಲ. ನಿಮಗಾದರೂ ಒಳ್ಳೆಯದಾಗಲಿ.

ಟಿಕೆಟ್ ದುಡ್ಡು ಕೊಟ್ಟಾಗಿತ್ತು, ಹೋದೆ. ಪೂರ್ತಿ ಎರಡೂಕಾಲು ಗಂಟೆ ನಾನು ಸಿನಿಮಾ ನೋಡಲಿಲ್ಲ. ಒಬ್ಬ ನಟಿಯನ್ನು ಕಾವಲು ಕಾದೆ. ಅವಳು ನೀರು ಕುಡಿದರೆ ಲೋಟ ನೋಡಿದೆ, ನಕ್ಕರೆ ಯಾಕೆ ನಕ್ಕಳು ಅಂತ ಯೋಚಿಸಿದೆ. ಕೊನೆಗೆ ಗುಟ್ಟು ಬಯಲಾದಾಗ ಪಕ್ಕದ ಸೀಟಿನ ಯಜಮಾನರೊಬ್ಬರು "ಅಯ್ಯಯ್ಯೋ!" ಅಂತ ಕುರ್ಚಿಯ ಕೈ ಹಿಡಿದುಕೊಂಡರು. ಆ ಅಯ್ಯಯ್ಯೋ ನನಗೆ ಬರಬೇಕಾಗಿತ್ತು.

ಬುಧವಾರ ಸಹೋದ್ಯೋಗಿಗೆ ಹೇಳಿದೆ. "ಐದು ದಿನ ಆಯ್ತಲ್ರೀ, ನೀವು ಇನ್ನೂ ನೋಡಿರಲ್ಲ ಅಂತ ನನಗೇನು ಗೊತ್ತು?" ಎಂದರು. ಅವರ ಪ್ರಕಾರ ತಪ್ಪು ನನ್ನದೇ.

ನಿಜವಾಗಿ ಎಷ್ಟು ದಿನ ಬಾಯಿ ಮುಚ್ಚಿಕೊಂಡಿರಬೇಕು? ಅಥವಾ ನಾನೇ ಸುಮ್ನೆ ಜಾಸ್ತಿ ತಲೆ ಕೆಡಿಸಿಕೊಂಡಿದ್ದೀನಾ?

ಸಂಶಯಪಿಶಾಚಿ

ಸಿನಿಮಾದ ಹೆಸರು ಹೇಳಿ ಅಕ್ಕ, "ಅವಳು" ಅಂತ ಅರ್ಧ ಹೇಳಿಯಾಗಿದೆ.

ಮಧ್ಯದಸೀಟು

ಅಯ್ಯೋ ಹೌದಲ್ಲ! ಹೆಸರು ಹೇಳಲ್ಲ, ಖಂಡಿತ ಹೇಳಲ್ಲ.

ಚೌಕಿಮನೆ

ಮಾರಾಯ್ರೇ, ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಬೇಡಿ. ನಾನು ಕುಂದಾಪುರದ ಕಡೆಯವನು. ನಮ್ಮಲ್ಲಿ ರಾತ್ರಿಯಿಡೀ ಕೂತು ಯಕ್ಷಗಾನದ ಆಟ ನೋಡುವವರಿಗೆ ಕಥೆ ಗೊತ್ತಿಲ್ಲದೆ ಇರುತ್ತದಾ? ಕರ್ಣ ಸಾಯುತ್ತಾನೆ ಅಂತ ಗೊತ್ತು. ರಥದ ಚಕ್ರ ಹೂತುಹೋಗುತ್ತದೆ ಅಂತ ಗೊತ್ತು. ಆದರೂ ಬೆಳಗಿನ ಜಾವ ಚಂಡೆ ಏರಿದಾಗ ತೂಕಡಿಸುತ್ತಿದ್ದವರೆಲ್ಲ ಎದ್ದು ಕೂರುತ್ತಾರೆ.

ತಾಳಮದ್ದಳೆಯಲ್ಲಿ ಕರ್ಣಭೇದನ ಅಂತ ಪ್ರಸಂಗ ಇದೆ. ಕೃಷ್ಣ ಬಂದು ನೀನು ಕುಂತಿಯ ಮಗ ಅಂತ ಕರ್ಣನಿಗೆ ಹೇಳುವುದು. ವೇಷ ಇಲ್ಲ, ಕುಣಿತ ಇಲ್ಲ, ಬರೀ ಮಾತು. ನಮಗೆ ಗೊತ್ತು, ಕರ್ಣನಿಗೆ ಗೊತ್ತಿಲ್ಲ. ಕರ್ಣನ ಮಾತು ಆಡುವ ಒಬ್ಬ ಅರ್ಥಧಾರಿ ಅದನ್ನು ಕೇಳಿ ನಕ್ಕುಬಿಡುತ್ತಾನೆ. ಇನ್ನೊಬ್ಬ ಏನೂ ಹೇಳದೆ ಶಾಲು ಸರಿಮಾಡಿಕೊಳ್ಳುತ್ತಾನೆ, ಸಭೆ ಪೂರ್ತಿ ಗಪ್‌ಚಿಪ್. ನಾನು ಇಪ್ಪತ್ತು ಸಲ ಕೇಳಿರಬಹುದು, ಇಪ್ಪತ್ತು ಸಲವೂ ಇವನು ಏನು ಹೇಳುತ್ತಾನೋ ಅಂತ ಕಾದಿದ್ದೇನೆ.

ರನ್ನನ ಗದಾಯುದ್ಧಕ್ಕೆ ಇನ್ನೊಂದು ಹೆಸರೇ ಸಾಹಸಭೀಮ ವಿಜಯ. ಯಾರು ಗೆಲ್ಲುತ್ತಾರೆ ಅಂತ ಹೆಸರಲ್ಲೇ ಹೇಳಿಯಾಯಿತು. ಸಾವಿರ ವರ್ಷದಿಂದ ಯಾರೂ ತಕರಾರು ಮಾಡಿಲ್ಲ ನೋಡಿ.

ಮಧ್ಯದಸೀಟು

ಚೌಕಿಮನೆಯವರೇ, ಚೆನ್ನಾಗಿ ಹೇಳಿದಿರಿ, ಆದರೆ ಒಪ್ಪಲ್ಲ. ಕರ್ಣನ ಕಥೆ ನಿಮಗೆ ಮೊದಲು ಯಾರು ಹೇಳಿದ್ದು? ಅಜ್ಜಿಯೋ ಅಮ್ಮನೋ ಇರಬೇಕು. ಅವರು "ಕೊನೆಗೆ ಸಾಯ್ತಾನೆ, ಈಗ ಕೇಳು" ಅಂತ ಶುರು ಮಾಡಿದರಾ? ನಿಮಗೂ ಒಂದು ಮೊದಲ ಸಲ ಸಿಕ್ಕಿತ್ತು. ಅದು ಆದಮೇಲೆ ತಾನೇ ಇಪ್ಪತ್ತು ಸಲ ಕೇಳಿದ್ದು?

ಇನ್ನೊಂದು, ಕರ್ಣನ ಕಥೆಯಲ್ಲಿ ಸಾವು ಗೊತ್ತಿದ್ದರೂ ನೋಡಲಿಕ್ಕೆ ನೂರು ಸಂಗತಿ ಇದೆ. ನಾನು ನೋಡಿದ ಸಿನಿಮಾದಲ್ಲಿ ಇದ್ದದ್ದು ಆ ಒಂದೇ ಗುಟ್ಟು. ತೆಂಗಿನಕಾಯಿಯಲ್ಲಿ ಕಾಯಿ ತೆಗೆದು ಚಿಪ್ಪು ಕೊಟ್ಟ ಹಾಗಾಯಿತು ನನಗೆ.

ಚೌಕಿಮನೆ

ಅದೂ ಹೌದು ಬಿಡಿ. ಒಂದು ತಪ್ಪೊಪ್ಪಿಗೆ. ಪುರಾಣದ್ದಲ್ಲದ ಹೊಸ ಪ್ರಸಂಗಗಳೂ ನಮ್ಮಲ್ಲಿ ಬರುತ್ತವೆ, ಕಟ್ಟುಕಥೆಯವು. ಅಂಥದ್ದೊಂದಕ್ಕೆ ಹೋಗುವ ದಾರಿಯಲ್ಲಿ ಬೈಕಿನ ಹಿಂದೆ ಕೂತ ಭಾವ ಕಥೆ ಪೂರ್ತಿ ಹೇಳಿಬಿಟ್ಟ. ಗದ್ದೆ ಮಧ್ಯದಲ್ಲಿ ಬೈಕ್ ನಿಲ್ಲಿಸಿ ಬೈದಿದ್ದೆ.

ಪ್ರಯೋಗಶಾಲೆ

ಇದರ ಬಗ್ಗೆ ಅಧ್ಯಯನಗಳೇ ಆಗಿವೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್ಸಿನ ಲೆವಿಟ್ ಮತ್ತು ಕ್ರಿಸ್ಟನ್‌ಫೆಲ್ಡ್ ಎಂಬಿಬ್ಬರು 12 ಸಣ್ಣಕಥೆ ಇಟ್ಟುಕೊಂಡು ನೋಡಿದರು. ಪತ್ತೇದಾರಿ ಕಥೆ, ಕೊನೆಯಲ್ಲಿ ತಿರುವು ಇರುವ ಕಥೆ, ಸಾಹಿತ್ಯಿಕ ಕಥೆ, ಮೂರೂ ಬಗೆ. ಕೆಲವರಿಗೆ ಕೊನೆ ಮೊದಲೇ ಹೇಳಿ ಓದಿಸಿದರು, ಕೆಲವರಿಗೆ ಹೇಳದೆ. ಕೊನೆ ಗೊತ್ತಿದ್ದವರೇ ಕಥೆಗೆ ಸ್ವಲ್ಪ ಜಾಸ್ತಿ ಅಂಕ ಕೊಟ್ಟರು! ಪತ್ರಿಕೆಗಳಲ್ಲೆಲ್ಲ "ಗುಟ್ಟು ಹೇಳಿದರೆ ಕಥೆ ಕೆಡಲ್ಲ" ಅಂತ ಬಂತು.

ನಿಮ್ಮ ಸಹೋದ್ಯೋಗಿಗೆ ಇದನ್ನು ಹೇಳಬೇಡಿ, ತಲೆಯ ಮೇಲೆ ಕೂರುತ್ತಾರೆ. ಯಾಕೆಂದರೆ 2015ರಲ್ಲಿ ಜಾನ್ಸನ್ ಮತ್ತು ರೋಸೆನ್‌ಬಾಮ್ ಎಂಬವರ ಅಧ್ಯಯನದಲ್ಲಿ ಉಲ್ಟಾ ಫಲಿತಾಂಶ ಬಂತು. ಕೊನೆ ಗೊತ್ತಿದ್ದ ಕಥೆ ಓದುಗರ ಮನಸ್ಸನ್ನು ಅಷ್ಟು ತಟ್ಟಲಿಲ್ಲ, ಕುತೂಹಲವೂ ಕಮ್ಮಿಯಾಯಿತು.

ನನಗೆ ಅನಿಸೋದು ಇಷ್ಟು. ಯಾರೋ ಕೈಗೆ ಕೊಟ್ಟ ನಾಲ್ಕು ಪುಟದ ಕಥೆ ಬೇರೆ. ವಾರದಿಂದ ಕಾದು, ಮಗುವಿನ ಜ್ವರ ಬಿಡಲಿ ಅಂತ ಕಾದು, ದುಡ್ಡು ಕೊಟ್ಟು ಹೋದ ಸಿನಿಮಾ ಬೇರೆ. ಆ ಕಾಯುವಿಕೆಯನ್ನು ಪ್ರಯೋಗದಲ್ಲಿ ಹೇಗೆ ಅಳೆಯುತ್ತೀರಿ?

ಲಾಸ್ಟ್‌ಓವರ್

ಸಿನಿಮಾ ಬಿಡಿ ಗುರು, ನನ್ನ ಕಥೆ ಕೇಳಿ. 2024ರ ಜೂನ್ 29, ಟಿ20 ವಿಶ್ವಕಪ್ ಫೈನಲ್. ದಕ್ಷಿಣ ಆಫ್ರಿಕಾಕ್ಕೆ ಕೊನೆಯ ಓವರಿನಲ್ಲಿ 16 ರನ್ ಬೇಕು. ನಮ್ಮ ರೂಮಿನಲ್ಲಿ ಟಿವಿ ಇಲ್ಲ, ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿಟ್ಟು ಮೂರು ಜನ ನೋಡುತ್ತಿದ್ದೆವು. ಎದುರಿನ ಮನೆಯಲ್ಲಿ ಕೇಬಲ್ ಟಿವಿ. ನನ್ನ ಮೊಬೈಲಿನಲ್ಲಿ ಹಾರ್ದಿಕ್ ಪಾಂಡ್ಯ ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದಾನೆ, ಎದುರು ಮನೆಯಲ್ಲಿ ಮೊದಲು "ಅಯ್ಯೋ ಸಿಕ್ಸ್" ಅಂತ ಒಂದು ಕೂಗು. ಎರಡು ಸೆಕೆಂಡ್ ಬಿಟ್ಟು ಮನೆ ಹಾರಿಹೋಗುವ ಹಾಗೆ ಇನ್ನೊಂದು ಕೂಗು.

ನಮಗೆ ಅರ್ಥವಾಗಲಿಲ್ಲ. ಮುಕ್ಕಾಲು ನಿಮಿಷ ಆದಮೇಲೆ ನಮ್ಮ ಮೊಬೈಲಿನಲ್ಲಿ ಮಿಲ್ಲರ್ ಹೊಡೆದ, ಸೂರ್ಯಕುಮಾರ್ ಬೌಂಡರಿ ಗೆರೆಯ ಹತ್ತಿರ ಹಿಡಿದು, ಚೆಂಡನ್ನು ಮೇಲಕ್ಕೆಸೆದು, ಗೆರೆ ದಾಟಿ, ವಾಪಸ್ ಬಂದು ಹಿಡಿದ. ಜೀವನದ ಕ್ಯಾಚ್ ಅದು. ನಾವು ಮೂವರೂ "ಓ, ಆ ಕೂಗು ಇದಕ್ಕಾ" ಅಂದೆವು. ವಿಶ್ವಕಪ್ ಗೆದ್ದೆವು, ನಾವು ಮೂವರು ಮಾತ್ರ ವರದಿ ಓದಿದ ಹಾಗೆ ಗೆದ್ದೆವು.

ಈಗ ಎದುರು ಮನೆಯವರದ್ದು ತಪ್ಪು ಅನ್ನೋಕಾಗುತ್ತಾ?

ಸಂಶಯಪಿಶಾಚಿ

ಫೈನಲ್ ದಿನ ಎದುರು ಮನೆಗೇ ಹೋಗಬೇಕಿತ್ತು ಗುರು. ಅದಕ್ಕೂ ಒಂದು ಶಿಷ್ಟಾಚಾರ ಇದೆ, ಒಂದು ಪ್ಯಾಕೆಟ್ ಖಾರಾ ಮಿಕ್ಸ್ಚರ್ ತೆಗೆದುಕೊಂಡು ಹೋಗೋದು.

ಹಳೇಪುಸ್ತಕ

ನಿಮಗೆಲ್ಲ ವಾಟ್ಸಾಪ್ ಕಾಟ. ನಮ್ಮ ಕಾಲದಲ್ಲಿ ಪೆನ್ಸಿಲ್ ಕಾಟ.

ನಾನು ಹೈಸ್ಕೂಲಿನಲ್ಲಿದ್ದಾಗ ಊರಲ್ಲಿ ಒಂದು ಬಾಡಿಗೆ ಲೈಬ್ರರಿ ಇತ್ತು. ದಿನಕ್ಕೆ 25 ಪೈಸೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿ ಅಂದರೆ ಸರತಿ ನಿಲ್ಲಬೇಕಿತ್ತು. ಅವರು ನೂರಾರು ಬರೆದಿದ್ದರು, ಆದರೂ ಸಾಲುತ್ತಿರಲಿಲ್ಲ ನಮಗೆ. ಪುಸ್ತಕ ಕೈ ಬದಲಾಯಿಸಿ ಬದಲಾಯಿಸಿ ಹಾಳೆಗಳು ಹಪ್ಪಳದ ಹಾಗೆ ಆಗಿರುತ್ತಿದ್ದವು. ಒಂದು ಸಲ ಯಾರದ್ದೋ ಪತ್ತೇದಾರಿ ಕಾದಂಬರಿ ತಂದೆ. ಏಳನೇ ಪುಟದಲ್ಲಿ ಅಡುಗೆಭಟ್ಟನ ಹೆಸರು ಮೊದಲ ಸಲ ಬರುತ್ತದೆ. ಅದರ ಸುತ್ತ ಪೆನ್ಸಿಲಿನಲ್ಲಿ ಒಂದು ಗುಂಡು ಗೆರೆ, ಪಕ್ಕದಲ್ಲಿ "ಇವನೇ ಕೊಲೆಗಾರ". ಅಕ್ಷರ ದುಂಡಗಿತ್ತು, ಕಾಪಿ ಬರೆದ ಹಾಗೆ.

ಪುಸ್ತಕ ಮುಚ್ಚಿ ಗೋಡೆಗೆ ಎಸೆದೆ. ಅಪ್ಪ ಬೈದರು. ಆಮೇಲೆ ದಿನದ ಬಾಡಿಗೆ ದಂಡ ಆಗುತ್ತಲ್ಲ ಅಂತ ಓದಿದೆ. ಉಳಿದದ್ದು ಆಮೇಲೆ ಹೇಳುತ್ತೇನೆ, ಮೊಮ್ಮಗಳನ್ನು ಸ್ಕೂಲಿನಿಂದ ಕರೆತರಬೇಕು.

ಸಂಶಯಪಿಶಾಚಿ

ಸರ್!! ಸ್ಪಾಯ್ಲರ್ ಚರ್ಚೆಯಲ್ಲಿ "ಸಶೇಷ" ಹಾಕಿ ಹೋದಿರಲ್ಲ!

ರಾತ್ರಿಪಾಳಿ

"ಐದು ದಿನ ಆಯ್ತಲ್ಲ" ಅನ್ನುವವರ ಮೇಲೆ ನನಗೆ ಸಿಟ್ಟಿದೆ. ಯಾರಿಗೆ ಐದು ದಿನ? ನಾನು ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿ ಮಾಡುತ್ತೇನೆ. ನಮ್ಮ ತಾಲ್ಲೂಕಿನಲ್ಲಿದ್ದ ಎರಡು ಟಾಕೀಸಿನಲ್ಲಿ ಒಂದು ಕಲ್ಯಾಣಮಂಟಪ ಆಗಿದೆ. ಹೊಸ ಸಿನಿಮಾ ನೋಡಬೇಕಂದರೆ ಬಸ್ಸಿನಲ್ಲಿ ಒಂದೂವರೆ ಗಂಟೆ. ಗಂಡ, ಇಬ್ಬರು ಮಕ್ಕಳು, ಟಿಕೆಟ್ಟು, ಪಾಪ್‌ಕಾರ್ನ್ ಸೇರಿದರೆ ಸಾವಿರದ ಮೇಲೆ. ಹಾಗಾಗಿ ಓಟಿಟಿಗೆ ಬರಲಿ ಅಂತ ಕಾಯುತ್ತೇವೆ. ಬೆಂಗಳೂರಿನಲ್ಲಿ ಬೆಳಗ್ಗೆ ಆರರ ಆಟ ನೋಡಿದವರಿಗೆ ಹಳೆಯದಾಗಿದ್ದು ನಮಗೆ ಇನ್ನೂ ಹುಟ್ಟಿಯೇ ಇಲ್ಲ.

ನನ್ನ ತಮ್ಮ ಕೆನಡಾದಲ್ಲಿದ್ದಾನೆ. ಅವನ ಊರಿಗೆ ಕನ್ನಡ ಸಿನಿಮಾ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಂದರೂ ಒಂದೇ ಶೋ. ಅಲ್ಲಿವರೆಗೆ ಪಾಪ ಮನೆಯ ವಾಟ್ಸಾಪ್ ಗುಂಪನ್ನು ಮ್ಯೂಟ್ ಮಾಡಿಟ್ಟಿರುತ್ತಾನೆ. ಒಮ್ಮೆ ಅಜ್ಜನಿಗೆ ಹುಷಾರಿಲ್ಲ ಅಂತ ಹಾಕಿದ್ದೂ ಅವನಿಗೆ ಎರಡು ದಿನ ತಡವಾಗಿ ಗೊತ್ತಾಯಿತು, ಇದೇ ಕಾರಣಕ್ಕೆ.

ದಿನ ಲೆಕ್ಕ ಹಾಕೋದು ಬಿಡಿ. "ನೋಡಿದ್ರಾ?" ಅಂತ ಒಂದು ಮಾತು ಕೇಳೋಕೆ ಎಷ್ಟು ಹೊತ್ತು ಬೇಕು?

ಮಧ್ಯದಸೀಟು

ರಾತ್ರಿಪಾಳಿ ಅಕ್ಕ, ನಿಮ್ಮ ಕೊನೆಯ ಸಾಲನ್ನು ಪ್ರಿಂಟ್ ತೆಗೆದು ನಮ್ಮ ಊಟದ ಟೇಬಲ್ ಮೇಲೆ ಅಂಟಿಸುತ್ತೇನೆ.

ಬಳ್ಳಾರಿಬಿಸಿಲು

ಎಲ್ಲಾ ಗುಟ್ಟೂ ಒಂದೇ ಅಲ್ಲರಿ. 2015ರ ಜುಲೈನಿಂದ 2017ರ ಏಪ್ರಿಲ್‌ತನಕ ದೇಶವೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಕಟ್ಟಪ್ಪ ಬಾಹುಬಲಿಯನ್ನು ಯಾಕೆ ಕೊಂದ? ನೋಡ್ರಿ, ಕೊಂದದ್ದು ಗುಟ್ಟಲ್ಲ. ಅದನ್ನು ಮೊದಲ ಭಾಗದಲ್ಲೇ ತೋರಿಸಿಬಿಟ್ಟರು. ಯಾಕೆ ಅನ್ನುವುದನ್ನು ಮಾತ್ರ ಕಿಸೆಯಲ್ಲಿಟ್ಟುಕೊಂಡು ಹೋದರು. ಅರ್ಧ ಹೇಳಿ ಅರ್ಧ ಇಟ್ಟುಕೊಳ್ಳುವುದೇ ಕಸುಬು.

ಹಿಚ್‌ಕಾಕ್ ಅಂತ ಸಸ್ಪೆನ್ಸ್ ಸಿನಿಮಾಗಳ ನಿರ್ದೇಶಕ, ಅವನೂ ಇಂಥದ್ದೇ ಹೇಳುತ್ತಿದ್ದ. ಮೇಜಿನ ಕೆಳಗೆ ಬಾಂಬ್ ಇದೆ. ನೋಡುವವರಿಗೆ ಗೊತ್ತಿಲ್ಲದೆ ಸಿಡಿದರೆ 15 ಸೆಕೆಂಡಿನ ಆಶ್ಚರ್ಯ. ಗೊತ್ತಿದ್ದು, ಮೇಜಿನ ಸುತ್ತ ಕೂತವರು ಸುಮ್ಮನೆ ಹರಟುತ್ತಿದ್ದರೆ 15 ನಿಮಿಷದ ಢವಢವ. ಇಷ್ಟೆಲ್ಲ ಹೇಳಿದ ಅದೇ ಮನುಷ್ಯ 1960ರಲ್ಲಿ ಸೈಕೋ ಸಿನಿಮಾ ಬಂದಾಗ, ಆಟ ಶುರುವಾದಮೇಲೆ ಯಾರನ್ನೂ ಒಳಗೆ ಬಿಡಬೇಡಿ ಅಂತ ಥಿಯೇಟರಿನವರಿಗೆ ಕಟ್ಟುನಿಟ್ಟು ಮಾಡಿದ. ಕೊನೆ ಯಾರಿಗೂ ಹೇಳಬೇಡಿ ಅಂತಲೂ ಕೇಳಿಕೊಂಡ. ಯಾವುದನ್ನು ಯಾವಾಗ ಹೇಳಬೇಕು ಅಂತ ತೀರ್ಮಾನಿಸುವುದು ಕಥೆ ಕಟ್ಟಿದವನ ಕೆಲಸ, ಟಿಫಿನ್ ಡಬ್ಬಿ ಹಿಡಿದವರದ್ದಲ್ಲ.

ನಮ್ಮಲ್ಲಿ ಹಾಗೆ ಬಾಗಿಲು ಹಾಕಿದರೆ ಅರ್ಧ ಊರು ಹೊರಗೇ. ಟೈಟಲ್ ಮುಗಿದು ಹತ್ತು ನಿಮಿಷಕ್ಕೆ ಮೊಬೈಲ್ ಟಾರ್ಚ್ ಹಿಡಿದು ಸೀಟು ಹುಡುಕುವವರು ನಾವು.

ಹಾಡಿನಪುಸ್ತಕ

ಬಳ್ಳಾರಿಯವರ ಮಾತಿಗೆ ಒಂದು ಸೇರಿಸುತ್ತೇನೆ. ಹಿಂದೆ ಟೆಂಟ್‌ನ ಹೊರಗೆ ಸಿನಿಮಾ ಹಾಡಿನ ಪುಸ್ತಕ ಮಾರುತ್ತಿದ್ದರು, ನೆನಪಿದೆಯಾ? ಅದರಲ್ಲಿ ಕಥಾಸಾರಾಂಶ ಇರುತ್ತಿತ್ತು. ನಾಯಕಿ ಮನೆ ಬಿಟ್ಟು ಹೋಗುವತನಕ ಹೇಳಿ, "ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿ" ಅಂತ ನಿಲ್ಲಿಸುತ್ತಿದ್ದರು. ಎಲ್ಲಿ ನಿಲ್ಲಿಸಬೇಕು ಅಂತ ಆ ಪುಸ್ತಕ ಬರೆದವರಿಗೆ ಗೊತ್ತಿತ್ತು. ಈಗಿನ ಟ್ರೇಲರ್ ಕತ್ತರಿಸುವವರಿಗೆ ಗೊತ್ತಿಲ್ಲ. ಮೂರು ನಿಮಿಷದಲ್ಲಿ ಮದುವೆ, ಸಾವು, ಸೇಡು ಎಲ್ಲ ಮುಗಿದಿರುತ್ತದೆ. ಧಾರಾವಾಹಿ ಪ್ರೋಮೋ ಅಂತೂ ಕೇಳಲೇಬೇಡಿ.

ಅಮ್ಮನಮಗಳು

ನೀವೆಲ್ಲ ಹೇಳಬೇಡಿ ಅಂತೀರಿ. ನಮ್ಮಮ್ಮ ಹೇಳಿ ಅಂತಾರೆ.

2022ರ ಜೂನ್‌ನಲ್ಲಿ 777 ಚಾರ್ಲಿ ಬಂದಾಗ ಮನೆಯವರೆಲ್ಲ ಹೋಗೋಣ ಅಂದೆವು. ಅದಕ್ಕೆ ಎರಡು ತಿಂಗಳ ಹಿಂದೆ ನಮ್ಮ ಮನೆಯ ನಾಯಿ ರಾಜ ಹೋಗಿದ್ದ. ಹದಿಮೂರು ವರ್ಷ ಇದ್ದವನು. ಅವನ ಚೈನು ಇನ್ನೂ ಬಾಗಿಲ ಹಿಂದಿನ ಮೊಳೆಗೆ ನೇತಾಡುತ್ತಿತ್ತು, ಯಾರೂ ತೆಗೆದಿರಲಿಲ್ಲ. ಅಮ್ಮ ಒಂದೇ ಪ್ರಶ್ನೆ ಕೇಳಿದರು, "ಆ ನಾಯಿಗೆ ಏನೂ ಆಗಲ್ಲ ತಾನೆ?" ನಾನು ಮೊದಲೇ ನೋಡಿ ಬಂದಿದ್ದೆ. "ಅಮ್ಮ, ಹೇಳಿದರೆ ಮಜಾ ಹೋಗುತ್ತೆ" ಅಂದೆ. ಅಮ್ಮ ನನ್ನ ಮುಖ ನೋಡಿದರು. ಎಂಥ ಪೆದ್ದು ಮಾತಾಡಿದೆ ಅಂತ ಆಗ ಗೊತ್ತಾಯಿತು. ಕೂರಿಸಿಕೊಂಡು ಪೂರ್ತಿ ಹೇಳಿದೆ. ಆಮೇಲೂ ಅವರು ಬಂದರು. ಎರಡು ಕರ್ಚೀಫು ತಂದಿದ್ದರು, ಒಂದು ನನಗೆ.

ಸಿನಿಮಾದಲ್ಲಿ ನಾಯಿ ಸಾಯುತ್ತದಾ ಇಲ್ಲವಾ ಅಂತ ಹೇಳಲೆಂದೇ ಇಂಗ್ಲಿಷಿನಲ್ಲಿ ಒಂದು ವೆಬ್‌ಸೈಟ್ ಇದೆ ಅಂತ ಆಮೇಲೆ ಗೊತ್ತಾಯಿತು. ಮೊದಲು ನಕ್ಕಿದ್ದೆ. ಈಗ ನಗಲ್ಲ.

ಹೊಸಬ_42

ಚಾರ್ಲಿಯಲ್ಲಿ ಕೊನೆಗೆ [ಈ ಸಾಲನ್ನು ಮರೆಮಾಡಲಾಗಿದೆ]

ನಿರ್ವಾಹಕರು

ಹೊಸಬ_42, ಇಡೀ ಚರ್ಚೆ ಯಾವುದರ ಬಗ್ಗೆ ಅಂತ ಒಮ್ಮೆ ಮೇಲೆ ಹೋಗಿ ಓದಿ.

ಇದೇ ಸಮಯದಲ್ಲಿ ಇನ್ನೊಂದು ಮಾತು. ಹೀರೋ ಎಂಟ್ರಿ, ಕ್ಲೈಮ್ಯಾಕ್ಸ್ ಅಂತ ಥಿಯೇಟರಿನಲ್ಲಿ ಮೊಬೈಲಿನಿಂದ ತೆಗೆದ ತುಣುಕುಗಳನ್ನು ಇಲ್ಲಿ ಹಾಕಬೇಡಿ. ಸ್ಟೇಟಸ್‌ಗೂ ಹಾಕಬೇಡಿ. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿ ಆಗಿದೆ. ಅನುಮತಿ ಇಲ್ಲದೆ ಥಿಯೇಟರಿನಲ್ಲಿ ಚಿತ್ರೀಕರಿಸಿದರೆ ಕನಿಷ್ಠ 3 ತಿಂಗಳು, ಗರಿಷ್ಠ 3 ವರ್ಷ ಜೈಲು. ದಂಡ 3 ಲಕ್ಷದಿಂದ ಶುರು.

ಹೊಸಬ_42

ಕ್ಷಮಿಸಿ ಸರ್, ಅಳು ತಡೆಯಲಾಗದೆ ಬರೆದೆ.

ಗಡಿನಾಡು

ನಾನು ಕಾಸರಗೋಡಿನವನು. ಮಲಯಾಳಂ ಸಿನಿಮಾ ಮೊದಲು ನೋಡುತ್ತೇವೆ, ಕನ್ನಡ ರೀಮೇಕ್ ಆಮೇಲೆ. ಅಂದರೆ ನನಗೆ ಕ್ಲೈಮ್ಯಾಕ್ಸ್ ಗೊತ್ತೇ ಇರುತ್ತದೆ. 2004ರಲ್ಲಿ ಮೈಸೂರಿನಲ್ಲಿ ಓದುವಾಗ ಹಾಸ್ಟೆಲ್ ಗೆಳೆಯರ ಜೊತೆ ಆಪ್ತಮಿತ್ರಕ್ಕೆ ಹೋದೆ. ಅದರ ಮೂಲ ಮಣಿಚಿತ್ರತಾಳು 1993ರದ್ದು, ನಾನಾಗಲೇ ನಾಲ್ಕು ಸಲ ನೋಡಿದ್ದೆ. ಇಂಟರ್‌ವಲ್ಲಿನಲ್ಲಿ ಗೆಳೆಯರು ಇವನಿರಬೇಕು, ಅವಳಿರಬೇಕು, ನಿಜವಾಗಿ ದೆವ್ವವೇ ಇರಬೇಕು ಅಂತ ಜಗಳ. ನನ್ನ ನಾಲಿಗೆ ತುದಿಗೆ ಬಂದಿತ್ತು. ಬೋಂಡಾ ಬಾಯಿಗೆ ತುರುಕಿಕೊಂಡೆ.

ದ್ವಿತೀಯಾರ್ಧ ನಾನು ತೆರೆ ನೋಡಲಿಲ್ಲ, ಅವರ ಮುಖ ನೋಡಿದೆ. ಸೌಂದರ್ಯ ಅವರ ಆ ದೃಶ್ಯ ಬಂದಾಗ ಪಕ್ಕದವನು ನನ್ನ ತೋಳು ಹಿಡಿದ ಗುರುತು ಮಾರನೇ ದಿನವೂ ಇತ್ತು. ಹೇಳದೆ ಇರುವುದರಲ್ಲಿ ಇಷ್ಟು ಮಜಾ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಹತ್ತು ವರ್ಷ ಬಿಟ್ಟು "ದೃಶ್ಯ" ಸಿನಿಮಾ ಬಂದಾಗ ಹೆಂಡತಿಯನ್ನು ಕರೆದುಕೊಂಡು ಹೋಗಿ ಮತ್ತೆ ಅದೇ ಮಾಡಿದೆ.

ಮಧ್ಯದಸೀಟು

ಗಡಿನಾಡು ಅಣ್ಣ ಹೇಳಿದ್ದು ಓದಿದಮೇಲೆ ನನ್ನ ಸಿಟ್ಟು ಯಾವುದರ ಮೇಲೆ ಅಂತ ಸ್ಪಷ್ಟವಾಯಿತು. ಕಥೆ ಗೊತ್ತಾಗಿದ್ದಕ್ಕಲ್ಲ. ಅಮ್ಮನಮಗಳ ಅಮ್ಮ ತಾವೇ ಕೇಳಿದರು, ಯಕ್ಷಗಾನ ನೋಡುವವರು ತಾವಾಗಿ ಗೊತ್ತಿದ್ದು ಹೋಗುತ್ತಾರೆ. ನನ್ನನ್ನು ಯಾರೂ ಕೇಳಲಿಲ್ಲ. ನನ್ನ ಸಹೋದ್ಯೋಗಿಗೆ ಬೇಕಾಗಿದ್ದದ್ದು ತಾನು ಇಂಟರ್‌ವಲ್‌ಗೇ ಕಂಡುಹಿಡಿದೆ ಅಂತ ತೋರಿಸಿಕೊಳ್ಳೋದು. ಅದರ ಖರ್ಚು ನನ್ನ ಲೆಕ್ಕಕ್ಕೆ ಬಂತು.

ಚುಕ್ಕಿಚುಕ್ಕಿ

ವಾಟ್ಸಾಪ್ ಗುಂಪಿನವರಿಗೆ ಒಂದು ಉಪಾಯ. ಟೆಲಿಗ್ರಾಂನಲ್ಲಿ, ಡಿಸ್ಕಾರ್ಡಿನಲ್ಲಿ ಮಾತಿನ ಆಚೀಚೆ ಎರಡೆರಡು ನಿಂತ ಗೆರೆ ಹಾಕಿದರೆ ಅದು ಮುಚ್ಚಿಹೋಗುತ್ತದೆ, ಒತ್ತಿದವರಿಗೆ ಮಾತ್ರ ಕಾಣುತ್ತದೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಮೊದಲ ಸಾಲಿಗೆ ಸಿನಿಮಾ ಹೆಸರು ಮತ್ತು "ನೋಡದವರು ಓದಬೇಡಿ" ಅಂತ ಬರೆದು, ಕೆಳಗೆ ಸಾಲಿಗೊಂದರಂತೆ ನಲವತ್ತು ಚುಕ್ಕಿ ಹಾಕುತ್ತೇವೆ. ಉಳಿದದ್ದು "ಇನ್ನಷ್ಟು ಓದಿ" ಹಿಂದೆ ಹೋಗುತ್ತದೆ. ನಮ್ಮ ಚಿಕ್ಕಪ್ಪ ಮಾತ್ರ ಚುಕ್ಕಿ ಹಾಕಿ, ಗುಟ್ಟನ್ನು ಮೊದಲ ಸಾಲಿನಲ್ಲೇ ಬರೆಯುತ್ತಾರೆ.

ಹಳೇಪುಸ್ತಕ

ಬಂದೆ. ಮೊಮ್ಮಗಳು ಊಟ ಮಾಡಿ ಮಲಗಿದಳು.

ಪುಸ್ತಕ ಪೂರ್ತಿ ಓದಿದೆ. ಮಧ್ಯದಸೀಟು ಅವರು ಆ ನಟಿಯನ್ನು ಕಾದ ಹಾಗೆ ನಾನು ಅಡುಗೆಭಟ್ಟನನ್ನು ಕಾದೆ. ಅವನು ಚಾಕು ಹಿಡಿದು ತರಕಾರಿ ಹೆಚ್ಚಿದರೂ ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಯ ಅಧ್ಯಾಯಕ್ಕೆ ಬಂದರೆ, ಭಟ್ಟ ಪಾಪ ಏನೂ ಮಾಡಿಲ್ಲ! ಕೊಲೆಗಾರ ಬೇರೆಯವನೇ. ನಾನು ಅವನ ಕಡೆ ತಿರುಗಿಯೂ ನೋಡಿರಲಿಲ್ಲ. ಪೆನ್ಸಿಲಿನಲ್ಲಿ ಬರೆದ ಪುಣ್ಯಾತ್ಮ ಸುಳ್ಳು ಬರೆದಿದ್ದ. ಅಂಥ ಅಯ್ಯಯ್ಯೋ ನನಗೆ ಮತ್ತೆ ಯಾವ ಪುಸ್ತಕದಲ್ಲೂ ಸಿಗಲಿಲ್ಲ.

ಸಂಶಯಪಿಶಾಚಿ

ಸರ್ ನಿಮ್ಮ ಕಾಲಿಗೆ ಬಿದ್ದೆ. ಬರೆದವರು ಯಾರು ಅಂತ ಗೊತ್ತಾಯಿತಾ?

ಹಳೇಪುಸ್ತಕ

ಇಲ್ಲ. ಆದರೆ ಮುಂದಿನ ವಾರ ಇನ್ನೊಂದು ಪತ್ತೇದಾರಿ ತಂದೆ. ವಾಪಸ್ ಕೊಡುವ ಮೊದಲು ಒಂಬತ್ತನೇ ಪುಟದಲ್ಲಿ ಅಂಚೆಯವನ ಹೆಸರಿಗೆ ಗುಂಡು ಗೆರೆ ಹಾಕಿದೆ. ನನ್ನ ಅಕ್ಷರ ಅಷ್ಟು ದುಂಡಗಿರಲಿಲ್ಲ.

ಮಧ್ಯದಸೀಟು

ನಾಳೆ ಊಟಕ್ಕೆ ಕೂತಾಗ ನಮ್ಮ ಸಹೋದ್ಯೋಗಿ ಈ ಶುಕ್ರವಾರದ ಸಿನಿಮಾಕ್ಕೆ ಟಿಕೆಟ್ ತೆಗೆದಿದ್ದಾರಾ ಅಂತ ಕೇಳುತ್ತೇನೆ. ಗುರುವಾರ ರಾತ್ರಿಯ ಪ್ರೀಮಿಯರ್ ನನಗೆ ಸಿಕ್ಕಿದೆ. ಅಂಚೆಯವನ ಪಾತ್ರ ಇದ್ದರೆ ಸಾಕು.